ಭರಣಿಯಲ್ಲಿ ಪೆಪ್ಪರಮಿಂಟು ಎಷ್ಟು? ಅಂದಾಜಿಗೂ ಒಂದು ಲೆಕ್ಕವಿದೆ

ಶಾಲೆಯ ಮೆಟ್ರಿಕ್ ಮೇಳದಲ್ಲೋ ಗಣೇಶೋತ್ಸವದ ಆಟಗಳ ನಡುವೆಯೋ ಮೇಜಿನ ಮೇಲೆ ಪೆಪ್ಪರಮಿಂಟು ತುಂಬಿದ ಗಾಜಿನ ಭರಣಿ ಇಟ್ಟಿರುತ್ತಾರೆ. ‘ಇದರೊಳಗೆ ಎಷ್ಟಿವೆ? ಹತ್ತಿರ ಬಂದವರಿಗೆ ಬಹುಮಾನ’ ಎಂಬ ಚೀಟಿ ಅದರ ಮುಂದೆ. ನೀವೂ ನಿಂತು ನೋಡಿರುತ್ತೀರಿ. ಒಬ್ಬರು ಇನ್ನೂರು ಎಂದು ಬರೆದರೆ ಪಕ್ಕದವರು ಎರಡು ಸಾವಿರ ಎನ್ನುತ್ತಾರೆ. ಇಬ್ಬರೂ ಬರೆದದ್ದು ಬಾಯಿಗೆ ಬಂದ ಸಂಖ್ಯೆಯನ್ನು. ಮಕ್ಕಳು ಬಂದು ‘ಸರಿಯಾಗಿ ಹೇಳುವುದು ಹೇಗೆ?’ ಎಂದು ಕೇಳಿದರೆ ಹೆಚ್ಚಿನ ದೊಡ್ಡವರಲ್ಲಿ ಉತ್ತರವಿರುವುದಿಲ್ಲ.

ಉತ್ತರವಿದೆ. ಒಂದು ದಾರ, ಒಂದು ಸ್ಕೇಲು, ನಾಲ್ಕನೇ ತರಗತಿಯ ಗುಣಾಕಾರ ಇಷ್ಟಿದ್ದರೆ ನಿಜವಾದ ಸಂಖ್ಯೆಗೆ ನೂರಕ್ಕೆ ಹತ್ತರಷ್ಟು ಹತ್ತಿರ ಬರಬಹುದು. ಇಡೀ ಭರಣಿಯನ್ನು ಕಣ್ಣಿನಿಂದ ಎಣಿಸಲು ಹೋಗಬಾರದು, ಅಷ್ಟೆ. ಸಣ್ಣದೊಂದನ್ನು ಖಚಿತವಾಗಿ ಅಳೆದು ಗುಣಿಸಬೇಕು.

ಕಡೂರು ತಾಲ್ಲೂಕಿನ ದೇವನೂರಿನ ಮಕ್ಕಳಿಗೆ ಇದನ್ನು ಅವರ ಊರಿನ ಕಾವ್ಯದಿಂದಲೇ ತೋರಿಸಬಹುದು. ಜೈಮಿನಿ ಭಾರತ ಬರೆದ ಲಕ್ಷ್ಮೀಶನ ಊರೆಂದು ದೇವನೂರು ಹೆಸರಾಗಿದೆ. ಆ ಕಾವ್ಯದಲ್ಲಿ ಒಟ್ಟು ಎಷ್ಟು ಮಾತ್ರೆಗಳಿವೆ? ಒಂದೊಂದಾಗಿ ಎಣಿಸಲು ಕುಳಿತರೆ ವರ್ಷ ಬೇಕು. ಆದರೆ ಅದು ವಾರ್ಧಕ ಷಟ್ಪದಿ. ಒಂದು, ಎರಡು, ನಾಲ್ಕು, ಐದನೇ ಸಾಲುಗಳಲ್ಲಿ ತಲಾ 20 ಮಾತ್ರೆ, ಮೂರು ಮತ್ತು ಆರನೇ ಸಾಲುಗಳಲ್ಲಿ ತಲಾ 32. ಪದ್ಯವೊಂದಕ್ಕೆ 144. ಪದ್ಯಗಳು ಸುಮಾರು 1900. ಗುಣಿಸಿದರೆ ಎರಡು ಮುಕ್ಕಾಲು ಲಕ್ಷದ ಹತ್ತಿರ. ಪುಸ್ತಕದ ಒಂದು ಪುಟವನ್ನೂ ತಿರುವದೆ ಉತ್ತರ ಬಂತು. ಭರಣಿಗೂ ಇದೇ ದಾರಿ.

ಈ ವಿದ್ಯೆ ನಮ್ಮಲ್ಲಿ ಹಳೆಯದು. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರ ಗಣಿತ’ ಬರೆದ. ಅದೇ ಶತಮಾನದಲ್ಲಿ, 1150ರಲ್ಲಿ, ಭಾಸ್ಕರಾಚಾರ್ಯನ ‘ಲೀಲಾವತಿ’ ಬಂತು. ಅದರಲ್ಲಿ ಧಾನ್ಯದ ರಾಶಿಯನ್ನು ಅಳೆಯುವುದಕ್ಕೇ ‘ರಾಶಿ ವ್ಯವಹಾರ’ ಎಂಬ ಭಾಗವಿದೆ. ಅದರ ಸೂತ್ರ ಇಂದಿಗೂ ಕೆಲಸಕ್ಕೆ ಬರುತ್ತದೆ. ಕೊನೆಯಲ್ಲಿ ಅದನ್ನು ಬಳಸೋಣ.

ಮೊದಲು ಇದು ಗೊತ್ತಿರಲಿ: ಭರಣಿಯಲ್ಲಿ ಗಾಳಿಯೂ ಇದೆ

ಗಣಿತ ಬಲ್ಲವರೂ ಎಡವುವುದು ಇಲ್ಲಿಯೇ. ಭರಣಿಯ ಗಾತ್ರವನ್ನು ಒಂದು ಪೆಪ್ಪರಮಿಂಟಿನ ಗಾತ್ರದಿಂದ ಭಾಗಿಸಿದರೆ ಮುಗಿಯಿತು ಎಂದುಕೊಳ್ಳುತ್ತಾರೆ. ಗುಂಡಗಿನ ವಸ್ತುಗಳು ಒಂದಕ್ಕೊಂದು ಅಂಟಿ ಕೂರುವುದಿಲ್ಲ. ನಡುವೆ ಸಂದು ಉಳಿಯುತ್ತದೆ. ಎಷ್ಟು ಉಳಿಯುತ್ತದೆ ಎಂದು ಮನೆಯಲ್ಲೇ ನೋಡಿ. ಒಂದು ಲೀಟರಿನ ಪಾತ್ರೆಗೆ ಕಂಠದವರೆಗೆ ಗಾಜಿನ ಗೋಲಿ ತುಂಬಿ. ಈಗ ಅಳತೆಯ ಲೋಟದಿಂದ ನೀರು ಸುರಿಯುತ್ತಾ ಹೋಗಿ. ‘ತುಂಬಿದ’ ಪಾತ್ರೆಗೆ ಇನ್ನೂ ಸುಮಾರು 400 ಮಿ.ಲೀ. ನೀರು ಹಿಡಿಯುತ್ತದೆ. ಅಂದರೆ ಗೋಲಿಗಳು ತುಂಬಿದ್ದು ನೂರಕ್ಕೆ ಅರವತ್ತು ಪಾಲು ಮಾತ್ರ, ಉಳಿದದ್ದು ಗಾಳಿ.

ಇದರಲ್ಲಿ ಮಕ್ಕಳನ್ನು ಬೆರಗುಗೊಳಿಸುವ ಸಂಗತಿಯೊಂದಿದೆ. ದೊಡ್ಡ ಗೋಲಿಯ ಬದಲು ಸಣ್ಣ ಗೋಲಿ ತುಂಬಿದರೂ ನೀರು ಹೆಚ್ಚುಕಡಿಮೆ ಅಷ್ಟೇ ಹಿಡಿಯುತ್ತದೆ. ಸಂದುಗಳು ಸಣ್ಣವಾಗುತ್ತವೆ, ಆದರೆ ಅವುಗಳ ಸಂಖ್ಯೆ ಹೆಚ್ಚುತ್ತದೆ. ಒಟ್ಟು ಪಾಲು ಬದಲಾಗುವುದಿಲ್ಲ. ಪಾತ್ರೆ ವಸ್ತುವಿಗಿಂತ ಸಾಕಷ್ಟು ದೊಡ್ಡದಿರಬೇಕು, ಎಲ್ಲವೂ ಒಂದೇ ಅಳತೆಯವಾಗಿರಬೇಕು ಎಂಬ ಎರಡು ಷರತ್ತು ಮಾತ್ರ. ಹೀಗಿರುವುದರಿಂದಲೇ ಒಂದು ಸಂಖ್ಯೆ ನೆನಪಿಟ್ಟುಕೊಂಡರೆ ಯಾವ ಭರಣಿಗೂ ಸಾಕಾಗುತ್ತದೆ.

ಸುಮ್ಮನೆ ಸುರಿದ ಗುಂಡುಗಳು ನೂರಕ್ಕೆ 60ರ ಆಸುಪಾಸಿನಲ್ಲಿ ಕೂರುತ್ತವೆ. ಚೆನ್ನಾಗಿ ಕುಲುಕಿದರೆ 64ರವರೆಗೆ ಬರುತ್ತವೆ. ಹಣ್ಣಿನಂಗಡಿಯಲ್ಲಿ ಕಿತ್ತಳೆಯನ್ನು ಗೋಪುರದಂತೆ ಪೇರಿಸುತ್ತಾರಲ್ಲ, ಹಾಗೆ ಒಂದೊಂದನ್ನೂ ಕೈಯಾರೆ ಜೋಡಿಸಿದರೆ 74. ಇದಕ್ಕಿಂತ ಒತ್ತಾಗಿ ಜೋಡಿಸಲಾಗದು ಎಂದು ಕೆಪ್ಲರ್ 1611ರಲ್ಲಿ ಊಹಿಸಿದ್ದ. ಥಾಮಸ್ ಹೇಲ್ಸ್ ಅದಕ್ಕೆ ಸಾಧನೆ ಕೊಟ್ಟದ್ದು 1998ರಲ್ಲಿ. ಸುಮಾರು ನಾಲ್ಕು ಶತಮಾನ ಹಿಡಿದ ಪ್ರಶ್ನೆ ಅದು. ನಿಮ್ಮ ಭರಣಿಗೆ 60 ಸಾಕು.

ಲೆಕ್ಕದ ಹಂತಗಳು

ಗುಂಡಗಿನ ಪೆಪ್ಪರಮಿಂಟು, ನೇರ ಗೋಡೆಯ ಉರುಟು ಭರಣಿ ಎಂದು ಇಟ್ಟುಕೊಳ್ಳೋಣ. ಭರಣಿಯ ಒಳಗಿನ ಅಗಲ 14 ಸೆಂ.ಮೀ., ಪೆಪ್ಪರಮಿಂಟು ತುಂಬಿರುವ ಎತ್ತರ 20 ಸೆಂ.ಮೀ.

1. ಒಂದು ಪೆಪ್ಪರಮಿಂಟಿನ ಅಗಲ ಕಂಡುಹಿಡಿಯಿರಿ. ಒಂದನ್ನೇ ಸ್ಕೇಲಿನ ಮೇಲಿಟ್ಟು ನೋಡಬೇಡಿ. ಹತ್ತನ್ನು ಸ್ಕೇಲಿನ ಅಂಚಿಗೆ ಒತ್ತಿ ಸಾಲಾಗಿ ಜೋಡಿಸಿ ಒಟ್ಟು ಉದ್ದ ನೋಡಿ, ಹತ್ತರಿಂದ ಭಾಗಿಸಿ. ಸಾಲು 16 ಸೆಂ.ಮೀ. ಬಂದರೆ ಒಂದರ ಅಗಲ 1.6 ಸೆಂ.ಮೀ.

ಈ ಹಂತದಲ್ಲಿ ಅವಸರ ಮಾಡಬೇಡಿ. ಇಡೀ ಲೆಕ್ಕದ ಪ್ರಾಣ ಇರುವುದು ಇಲ್ಲಿ. ಅಗಲವನ್ನು ಮೂರು ಬಾರಿ ಗುಣಿಸುವುದರಿಂದ ಇಲ್ಲಿನ ತಪ್ಪೂ ಮೂರು ಪಟ್ಟಾಗುತ್ತದೆ. 1.6 ಇದ್ದದ್ದನ್ನು 1.5 ಎಂದು ಓದಿದರೆ ಉತ್ತರ ಸಾವಿರ ದಾಟುತ್ತದೆ, 1.7 ಎಂದು ಓದಿದರೆ ಏಳುನೂರ ಇಪ್ಪತ್ತಕ್ಕೆ ಇಳಿಯುತ್ತದೆ. ಒಂದೇ ಒಂದು ಮಿಲಿಮೀಟರಿನ ವ್ಯತ್ಯಾಸಕ್ಕೆ ಇಷ್ಟು.

2. ಭರಣಿಯ ಒಳಗಾತ್ರ ಕಂಡುಹಿಡಿಯಿರಿ. ಖಾಲಿ ಭರಣಿ ಸಿಕ್ಕರೆ ಲೀಟರ್ ಬಾಟಲಿಯಿಂದ ನೀರು ಅಳೆದು ಸುರಿಯುವುದೇ ಎಲ್ಲಕ್ಕಿಂತ ಒಳ್ಳೆಯದು. ಆಗ ಭರಣಿಯ ಆಕಾರ ಹೇಗಿದ್ದರೂ ಚಿಂತೆಯಿಲ್ಲ. ಸಿಗದಿದ್ದರೆ ಹೊಟ್ಟೆಯ ಸುತ್ತ ದಾರ ಕಟ್ಟಿ ಸುತ್ತಳತೆ ತೆಗೆದು 3.14ರಿಂದ ಭಾಗಿಸಿ, ಬಂದದ್ದು ಹೊರಗಿನ ಅಗಲ. ಗಾಜಿನ ದಪ್ಪವನ್ನು ಎರಡೂ ಬದಿಯಿಂದ ಕಳೆಯಿರಿ. ಅರ್ಧ ಅಗಲ × ಅರ್ಧ ಅಗಲ × 3.14 × ಎತ್ತರ. ನಮ್ಮ ಭರಣಿಗೆ 7 × 7 × 3.14 × 20 = ಸುಮಾರು 3077 ಮಿ.ಲೀ., ಅಂದರೆ ಮೂರು ಲೀಟರಿಗಿಂತ ಸ್ವಲ್ಪ ಹೆಚ್ಚು.

3. ಪ್ರತಿ ಪೆಪ್ಪರಮಿಂಟೂ ತನ್ನ ಅಳತೆಯ ಚೌಕ ಪೆಟ್ಟಿಗೆಯೊಳಗೆ ಕುಳಿತಿದೆ ಎಂದುಕೊಳ್ಳಿ. ಪೆಟ್ಟಿಗೆಯ ಗಾತ್ರ 1.6 × 1.6 × 1.6 = ಸುಮಾರು 4.1 ಮಿ.ಲೀ. 3077 ಮಿ.ಲೀ. ಜಾಗದಲ್ಲಿ ಇಂಥ ಪೆಟ್ಟಿಗೆಗಳು ಸುಮಾರು 750.

4. ಇದಕ್ಕೆ ನೂರಕ್ಕೆ ಹದಿನೈದು ಸೇರಿಸಿ. 750ಕ್ಕೆ 15 ಪಾಲು ಎಂದರೆ ಸುಮಾರು 112, ಒಟ್ಟು 862. ಭರಣಿಯಲ್ಲಿ ಸುಮಾರು 860 ಪೆಪ್ಪರಮಿಂಟುಗಳಿವೆ.

ಹದಿನೈದು ಸೇರಿಸುವುದು ಏಕೆ? ಗುಂಡು ತನ್ನ ಚೌಕ ಪೆಟ್ಟಿಗೆಯಲ್ಲಿ ತುಂಬುವುದು ನೂರಕ್ಕೆ 52 ಪಾಲು ಮಾತ್ರ. ಭರಣಿಯಲ್ಲಿ ಗುಂಡುಗಳು 60 ಪಾಲು ತುಂಬುತ್ತವೆ ಎಂದು ಗೋಲಿಯ ಪ್ರಯೋಗದಲ್ಲಿ ನೋಡಿದೆವು. ಪೆಟ್ಟಿಗೆಯ ಗೋಡೆಗಳಿಲ್ಲದಿದ್ದರೆ ಮೇಲಿನ ಪೆಪ್ಪರಮಿಂಟು ಕೆಳಗಿನ ಮೂರರ ನಡುವಿನ ತಗ್ಗಿಗೆ ಜಾರಿ ಕೂರುತ್ತದೆ. ಹಾಗೆ ಉಳಿದ ಜಾಗದಲ್ಲಿ ಇನ್ನಷ್ಟು ಹಿಡಿಯುತ್ತವೆ. 52ರ ಬದಲು 60 ಎಂದರೆ ನೂರಕ್ಕೆ ಹದಿನೈದು ಹೆಚ್ಚು.

5. ಉತ್ತರವನ್ನು ಒಂದು ಸಂಖ್ಯೆಯಾಗಿ ನೋಡದೆ ಒಂದು ವ್ಯಾಪ್ತಿಯಾಗಿ ನೋಡಿ: 800ರಿಂದ 920. ಚೀಟಿಯಲ್ಲಿ ಬರೆಯುವಾಗ ನಡುವಿನದನ್ನು ಬರೆಯಿರಿ. ಎಲ್ಲರೂ 850, 900 ಎಂದು ದುಂಡು ಸಂಖ್ಯೆಯನ್ನೇ ಬರೆಯುವುದರಿಂದ 862 ಎಂದು ಬರೆದವರು ಅಂಥವರ ಜೊತೆ ಬಹುಮಾನ ಹಂಚಿಕೊಳ್ಳುವ ಪ್ರಮೇಯ ಕಡಿಮೆ.

ಮುಟ್ಟಲು ಬಿಡದಿದ್ದರೆ

ಹೆಚ್ಚಿನ ಸ್ಪರ್ಧೆಗಳಲ್ಲಿ ಭರಣಿ ಮುಟ್ಟುವಂತಿಲ್ಲ, ಸ್ಕೇಲು ತರುವಂತಿಲ್ಲ. ಆಗ ಸೆಂಟಿಮೀಟರ್ ಮರೆತುಬಿಡಿ, ಪೆಪ್ಪರಮಿಂಟನ್ನೇ ಅಳತೆಗೋಲು ಮಾಡಿಕೊಳ್ಳಿ. ಗಾಜಿಗೆ ಅಂಟಿಕೊಂಡಿರುವ ಒಂದು ಪೆಪ್ಪರಮಿಂಟಿನ ಅಗಲವನ್ನು ಚೀಟಿಯ ಅಂಚಿನಲ್ಲಿ ಗುರುತು ಮಾಡಿಕೊಳ್ಳಿ. ಅದೇ ದೂರದಲ್ಲಿ ನಿಂತು, ಚೀಟಿ ಹಿಡಿದ ಕೈಯನ್ನು ಅಷ್ಟೇ ಚಾಚಿ, ಭರಣಿಯ ಅಡ್ಡಗಲಕ್ಕೆ ಅಂಥ ಎಷ್ಟು ಅಗಲ, ಎತ್ತರಕ್ಕೆ ಎಷ್ಟು ಎಂದು ನೋಡಿ.

ಉರುಟು ಭರಣಿಗೆ ಸೂತ್ರ ಇಷ್ಟೇ: ಅಡ್ಡ × ಅಡ್ಡ × ಎತ್ತರ, ಬಂದದ್ದರಲ್ಲಿ ಹತ್ತನೇ ಒಂದು ಪಾಲು ಕಳೆಯಿರಿ.

ನಮ್ಮ ಭರಣಿಯಲ್ಲಿ ಅಡ್ಡಕ್ಕೆ ಎಂಟು ಮುಕ್ಕಾಲು, ಎತ್ತರಕ್ಕೆ ಹನ್ನೆರಡೂವರೆ. 8.75 × 8.75 × 12.5 = 957; ಹತ್ತನೇ ಒಂದು ಕಳೆದರೆ 861. ಉದ್ದದ ಲೆಕ್ಕವೂ ಗಿಡ್ಡ ಲೆಕ್ಕವೂ ಒಂದೇ ಕಡೆ ಬಂದು ನಿಂತವು. ಚೌಕ ಭರಣಿಯಾದರೆ ಉದ್ದ × ಅಗಲ × ಎತ್ತರಕ್ಕೆ ನೂರಕ್ಕೆ ಹದಿನೈದು ಸೇರಿಸಬೇಕು, ಕಳೆಯಬಾರದು. ಉರುಟಿಗೆ ಕಳೆಯುವುದು ಏಕೆಂದರೆ ಚೌಕದ ನಾಲ್ಕು ಮೂಲೆಗಳು ಅದರಲ್ಲಿಲ್ಲ. ಮಕ್ಕಳಿಗೆ ಕಲಿಸಲು ಒಂದೇ ಒಂದನ್ನು ಆರಿಸಿಕೊಳ್ಳಿ ಎಂದರೆ ನಾನು ಇದನ್ನೇ ಆರಿಸುತ್ತೇನೆ. ಪೈ ಗೊತ್ತಿಲ್ಲದ ಐದನೇ ತರಗತಿಯ ಮಗುವೂ ಇದನ್ನು ಮಾಡಬಲ್ಲದು.

ಎತ್ತರ ನೋಡುವಾಗ ಕಾಣುವ ಸಾಲುಗಳನ್ನು ಎಣಿಸಬೇಡಿ, ಅಗಲದ ಗುರುತಿನಿಂದಲೇ ಅಳೆಯಿರಿ. ಪೆಪ್ಪರಮಿಂಟುಗಳು ತಗ್ಗಿಗೆ ಇಳಿದು ಕೂರುವುದರಿಂದ ಸಾಲುಗಳು ಹನ್ನೆರಡೂವರೆಗಿಂತ ಹೆಚ್ಚು ಕಾಣುತ್ತವೆ. ಆ ಹೆಚ್ಚಳ ಸೂತ್ರದಲ್ಲಿ ಆಗಲೇ ಸೇರಿದೆ. ಸಾಲು ಎಣಿಸಿದರೆ ಅದನ್ನು ಎರಡು ಸಲ ಸೇರಿಸಿದ ಹಾಗಾಗುತ್ತದೆ.

ಪೆಪ್ಪರಮಿಂಟು ಗುಂಡಗಿಲ್ಲದಿದ್ದರೆ

ಜೆಮ್ಸ್‌ನಂಥ ಚಪ್ಪಟೆ ಮಿಠಾಯಿ ಗುಂಡಿಗಿಂತ ಒತ್ತಾಗಿ ಕೂರುತ್ತದೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇಂಥದೇ ಆಕಾರದ ಎಂ ಅಂಡ್ ಎಂ ಮಿಠಾಯಿಯನ್ನು ಪಾತ್ರೆಗೆ ತುಂಬಿ ನೋಡಿ, ಅದು ನೂರಕ್ಕೆ 68ರಿಂದ 71ರಷ್ಟು ಜಾಗ ತುಂಬುತ್ತದೆ ಎಂದು 2004ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಗುಂಡು ಎತ್ತ ತಿರುಗಿದರೂ ಒಂದೇ. ಚಪ್ಪಟೆಯಾದದ್ದು ಹೊರಳಿ ಓರೆಯಾಗಿ ಸಂದಿಗೆ ಸೇರಿಕೊಳ್ಳಬಲ್ಲದು. ಲೆಕ್ಕದಲ್ಲಿ ಬದಲಾವಣೆ ಎರಡೇ: ಪೆಟ್ಟಿಗೆಯ ಗಾತ್ರ ಅಗಲ × ಅಗಲ × ದಪ್ಪ, ಕೊನೆಯಲ್ಲಿ ಸೇರಿಸುವುದು ಹದಿನೈದಲ್ಲ, ನೂರಕ್ಕೆ ಮೂವತ್ತು.

ಕಿತ್ತಳೆ ತೊಳೆಯ ಆಕಾರದ ಪೆಪ್ಪರಮಿಂಟು, ಉಂಡೆ ಕಟ್ಟಿದ ಕಮ್ಮರಕಟ್ಟು, ಎರಡೂ ಕಡೆ ಕಾಗದ ತಿರುಚಿದ ಚಾಕೊಲೇಟು ಇವಕ್ಕೆ ಸೂತ್ರ ಹುಡುಕಬೇಡಿ. ತಿರುಚಿದ ಕಾಗದದ ಕಿವಿಗಳು ಎಷ್ಟು ಜಾಗ ತಿನ್ನುತ್ತವೆ ಎಂದು ಯಾವ ಸೂತ್ರವೂ ಹೇಳಲಾರದು. ಅವಕ್ಕೆ ಸೇರು ಇದೆ.

ಸೇರಿನ ವಿಧಾನ

ಅದೇ ಜಾತಿಯ ಮಿಠಾಯಿಯನ್ನು ಅಂಗಡಿಯಿಂದ ತಂದು ಸೇರಿಗೆ ತುಂಬಿ. ತಲೆಯ ಮೇಲೆ ಗೋಪುರ ಬರದಂತೆ ಕೈಯಿಂದ ಸವರಿ ಮಟ್ಟ ಮಾಡಿ, ಸುರಿದು ಎಣಿಸಿ. ಸೇರಿಗೆ ಎಷ್ಟು ನೀರು ಹಿಡಿಯುತ್ತದೆ, ಭರಣಿಗೆ ಎಷ್ಟು ಹಿಡಿಯುತ್ತದೆ ಎಂದು ನೋಡಿ ಆ ಪ್ರಮಾಣದಲ್ಲಿ ಗುಣಿಸಿ. ಸಂದು, ಕಾಗದ, ಆಕಾರ ಎಲ್ಲವೂ ಆ ಎಣಿಕೆಯಲ್ಲೇ ಸೇರಿಹೋಗಿರುತ್ತವೆ. ನಿಮ್ಮ ಮನೆಯ ಸೇರನ್ನು ನೀರಿನಿಂದ ಒಮ್ಮೆ ಅಳೆದುಕೊಳ್ಳುವುದು ಮುಖ್ಯ. ಮೆಟ್ರಿಕ್ ಪದ್ಧತಿಯ ಕಾನೂನು 1956ರಲ್ಲಿ ಬರುವ ಮೊದಲು ಸೇರು ಊರಿಂದೂರಿಗೆ ಬೇರೆಯಾಗಿತ್ತು. ಅಟ್ಟದಿಂದ ಇಳಿಸಿದ ಹಳೆಯ ಸೇರು ಲೀಟರಿಗೆ ಸಮ ಎಂದು ನಂಬಿಬಿಡಬೇಡಿ.

ಸೇರಿನ ಬದಲು ಪಾವು ಸಾಕಲ್ಲವೇ ಎಂದು ಕೇಳಬಹುದು. ಸಾಸಿವೆಗೆ ಸಾಕು, ಪೆಪ್ಪರಮಿಂಟಿಗೆ ಸಾಲದು. ಪಾತ್ರೆಯ ಗೋಡೆಯ ಪಕ್ಕದಲ್ಲಿ ಪೆಪ್ಪರಮಿಂಟುಗಳು ಒಂದರೊಳಗೊಂದು ಇಳಿದು ಕೂರಲಾರವು. ಅಲ್ಲಿ ಸಂದು ಹೆಚ್ಚು. ಪಾತ್ರೆ ಕಿರಿದಾದಷ್ಟೂ ಗೋಡೆಯ ಪಕ್ಕದ ಪಾಲು ಜಾಸ್ತಿ. ಏಳು ಸೆಂ.ಮೀ. ಅಗಲದ ಪಾವಿಗೆ 1.6 ಸೆಂ.ಮೀ. ಪೆಪ್ಪರಮಿಂಟು ತುಂಬಿ ಗುಣಿಸಿದರೆ ಉತ್ತರ ಹತ್ತರಲ್ಲಿ ಒಂದು ಪಾಲಿನಷ್ಟು ಕಡಿಮೆ ಬರಬಹುದು. ಅಳತೆಯ ಪಾತ್ರೆಯ ಬಾಯಿ ಪೆಪ್ಪರಮಿಂಟಿನ ಅಗಲಕ್ಕಿಂತ ಏಳೆಂಟು ಪಟ್ಟಾದರೂ ಇರಲಿ.

ಅಂಗಡಿ ನಡೆಸುವವರಿಗೆ ತಕ್ಕಡಿ ಇದ್ದೇ ಇರುತ್ತದೆ, ಅವರಿಗೆ ತೂಕವೇ ಸುಲಭ. 50 ಪೆಪ್ಪರಮಿಂಟು ಒಟ್ಟಿಗೆ ತೂಗಿ. 155 ಗ್ರಾಂ ಬಂದರೆ ಒಂದಕ್ಕೆ 3.1 ಗ್ರಾಂ. ತುಂಬಿದ ಭರಣಿಯ ತೂಕದಲ್ಲಿ ಖಾಲಿ ಭರಣಿಯ ತೂಕ ಕಳೆದು 2 ಕೆ.ಜಿ. 650 ಗ್ರಾಂ ಉಳಿದರೆ 855 ಪೆಪ್ಪರಮಿಂಟು. ಎಲ್ಲ ವಿಧಾನಗಳಿಗಿಂತ ಇದು ನಿಖರ. ಆದರೆ ಪೊಟ್ಟಣದ ಮೇಲೆ ಮುದ್ರಿಸಿದ ನಿವ್ವಳ ತೂಕವನ್ನು ಭಾಗಿಸುವಾಗ ಎಚ್ಚರ: ಅದರಲ್ಲಿ ಹೊದಿಕೆಯ ತೂಕ ಸೇರಿರುವುದಿಲ್ಲ. ಹಾಗಾಗಿ ನೀವು ತೂಗುವ ಐವತ್ತರ ಹೊದಿಕೆಯನ್ನೂ ಬಿಚ್ಚಿಯೇ ತೂಗಬೇಕು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಕಾಣುವುದನ್ನು ಎಣಿಸಿ ದುಪ್ಪಟ್ಟು ಮಾಡುವುದು. ಮಕ್ಕಳು ಹೆಚ್ಚಾಗಿ ಮಾಡುವುದು ಇದನ್ನೇ: ಮುಂದಿನಿಂದ ಕಾಣುವಷ್ಟು ಎಣಿಸಿ, ಹಿಂದೆಯೂ ಅಷ್ಟೇ ಇರಬೇಕೆಂದು ಎರಡರಿಂದ ಗುಣಿಸುತ್ತಾರೆ. ನಮ್ಮ ಭರಣಿಯಲ್ಲಿ ಗಾಜಿಗೆ ತಗುಲಿದ ಹೊರಸುತ್ತಿನಲ್ಲಿ ಇರುವುದು ಒಟ್ಟಿನ ಐದರಲ್ಲಿ ಎರಡು ಪಾಲು. ಒಂದು ಬದಿಯಿಂದ ಅದರ ಅರ್ಧ ಮಾತ್ರ ಕಾಣುತ್ತದೆ. ಐದರಲ್ಲಿ ನಾಲ್ಕು ಪಾಲು ಕಣ್ಣಿಗೆ ಬೀಳುವುದೇ ಇಲ್ಲ. ದುಪ್ಪಟ್ಟು ಮಾಡಿದರೆ ಮುನ್ನೂರ ನಲವತ್ತರ ಹತ್ತಿರ ನಿಲ್ಲುತ್ತೀರಿ. ಭರಣಿ ದೊಡ್ಡದಾದಷ್ಟೂ ಅಡಗಿರುವ ಪಾಲು ಹೆಚ್ಚುತ್ತದೆ.

ದಪ್ಪ ಗಾಜನ್ನು ನಂಬುವುದು. ಉಪ್ಪಿನಕಾಯಿಯ ಹಳೆಯ ಗಾಜಿನ ಭರಣಿಗಳ ಗೋಡೆ ಅರ್ಧ ಸೆಂ.ಮೀ. ದಪ್ಪವಿದ್ದರೂ ಒಳಗಿನ ವಸ್ತು ಹೊರ ಅಂಚಿನವರೆಗೂ ತುಂಬಿರುವಂತೆ ಕಾಣುತ್ತದೆ. ಬಾಗಿದ ಗಾಜು ಅಡ್ಡಕ್ಕೆ ಹಿಗ್ಗಿಸಿ ತೋರಿಸುತ್ತದೆ. ಹೊರಗಿನ 14 ಸೆಂ.ಮೀ. ಅಳತೆಯನ್ನೇ ಹಿಡಿದು, ಒಳಗೆ ನಿಜವಾಗಿ 13 ಇದ್ದರೆ ಉತ್ತರ ನೂರಕ್ಕೆ ಹದಿನಾರರಷ್ಟು ಹೆಚ್ಚಾಗಿಬಿಡುತ್ತದೆ. ಭರಣಿಯ ಬಾಯಿಯನ್ನು ಮೇಲಿನಿಂದ ನೋಡಿದರೆ ಗಾಜಿನ ದಪ್ಪ ತಿಳಿಯುತ್ತದೆ.

ತಳ ಮತ್ತು ಕುತ್ತಿಗೆ ಮರೆಯುವುದು. ಕೆಲವು ಭರಣಿಗಳ ತಳ ಒಳಗೆ ಉಬ್ಬಿರುತ್ತದೆ, ಕುತ್ತಿಗೆ ಕಿರಿದಾಗಿರುತ್ತದೆ. ಎತ್ತರವನ್ನು ಮುಚ್ಚಳದವರೆಗೆ ಅಳೆಯಬೇಡಿ, ಪೆಪ್ಪರಮಿಂಟು ಇರುವವರೆಗೆ ಅಳೆಯಿರಿ.

ಬೆರಕೆಯನ್ನು ಗಮನಿಸದಿರುವುದು. ದೊಡ್ಡ ಪೆಪ್ಪರಮಿಂಟಿನ ಜೊತೆ ಜೀರಿಗೆ ಪೆಪ್ಪರಮಿಂಟು ಸುರಿದಿದ್ದರೆ ಅರವತ್ತರ ಲೆಕ್ಕ ಕೆಡುತ್ತದೆ. ಸಣ್ಣವು ದೊಡ್ಡವುಗಳ ಸಂದಿಗೆ ಇಳಿಯುತ್ತವೆ. ಅಂಥ ಭರಣಿಗೆ ಸೇರಿನ ವಿಧಾನವೇ ಗತಿ, ಅದೂ ಅದೇ ಬೆರಕೆಯಲ್ಲಿ.

ಎಲ್ಲರ ಚೀಟಿ ಒಟ್ಟು ಮಾಡಿದರೆ

ಲೆಕ್ಕ ಮಾಡದೆಯೂ ಹತ್ತಿರ ಬರುವ ದಾರಿಯೊಂದಿದೆ, ಅದಕ್ಕೆ ಜನ ಬೇಕು. 1987ರಲ್ಲಿ ಜ್ಯಾಕ್ ಟ್ರೇನರ್ ಎಂಬ ಅಮೆರಿಕದ ಹಣಕಾಸು ತಜ್ಞ ತರಗತಿಯಲ್ಲಿ ಮಾಡಿದ ಇಂಥದೇ ಪ್ರಯೋಗವನ್ನು ಪ್ರಕಟಿಸಿದ. ಜಾಡಿಯಲ್ಲಿ 850 ಜೆಲ್ಲಿ ಬೀನ್ಸ್. ಊಹಿಸಿದವರು 56 ಮಂದಿ. ಎಲ್ಲರ ಊಹೆಗಳ ಸರಾಸರಿ 871. ಆ ಸರಾಸರಿಗಿಂತ ಹತ್ತಿರ ಹೇಳಿದವರು ಒಬ್ಬರೇ. ಅದಕ್ಕೂ ಮೊದಲು 1907ರಲ್ಲಿ ಫ್ರಾನ್ಸಿಸ್ ಗಾಲ್ಟನ್, ಇಂಗ್ಲೆಂಡಿನ ಪ್ಲಿಮತ್‌ನ ಜಾನುವಾರು ಜಾತ್ರೆಯಲ್ಲಿ ಎತ್ತಿನ ಮಾಂಸದ ತೂಕ ಊಹಿಸಿ ಬರೆದ 787 ಚೀಟಿಗಳನ್ನು ಏರಿಕೆಯ ಕ್ರಮದಲ್ಲಿಟ್ಟು ನಡುವಿನದನ್ನು ತೆಗೆದಾಗ, ಅದು ನಿಜವಾದ ತೂಕಕ್ಕೆ ನೂರಕ್ಕೆ ಒಂದರಷ್ಟೂ ವ್ಯತ್ಯಾಸವಿಲ್ಲದೆ ಹೊಂದಿತ್ತು.

ಒಬ್ಬರು ಹೆಚ್ಚು ಹೇಳುತ್ತಾರೆ, ಇನ್ನೊಬ್ಬರು ಕಡಿಮೆ. ಎರಡೂ ಬದಿಯ ತಪ್ಪುಗಳು ಪರಸ್ಪರ ಕಳೆದುಹೋಗುತ್ತವೆ. ಆದರೆ ಒಬ್ಬರ ಚೀಟಿ ಇನ್ನೊಬ್ಬರು ನೋಡಬಾರದು. ಮೇಷ್ಟ್ರು ಮೊದಲೇ ‘ಐನೂರು ಇರಬಹುದು’ ಎಂದುಬಿಟ್ಟರೆ ಇಡೀ ತರಗತಿ ಐನೂರರ ಸುತ್ತ ತಿರುಗುತ್ತದೆ. ತಪ್ಪುಗಳೆಲ್ಲ ಒಂದೇ ಬದಿಗೆ ಬಿದ್ದಾಗ ಕಳೆದುಹೋಗಲು ಏನೂ ಇರುವುದಿಲ್ಲ. ತರಗತಿಯಲ್ಲಿ ಮಾಡುವಾಗ ಸರಾಸರಿಗಿಂತ ನಡುವಿನ ಸಂಖ್ಯೆ ತೆಗೆದುಕೊಳ್ಳಿ. ಯಾರೋ ಒಬ್ಬ ತುಂಟ ಹತ್ತು ಲಕ್ಷ ಎಂದು ಬರೆದರೂ ಅದು ಅಲುಗುವುದಿಲ್ಲ.

ಸ್ಪರ್ಧೆ ನಡೆಸುವವರಿಗೆ

ತುಂಬುವ ಮೊದಲೇ ಇಬ್ಬರು ಬೇರೆಬೇರೆಯಾಗಿ ಎಣಿಸಿ, ಸಂಖ್ಯೆ ಬರೆದ ಚೀಟಿಯನ್ನು ಲಕೋಟೆಯಲ್ಲಿ ಅಂಟಿಸಿಡಿ. ಹತ್ತರ ಸಾಲು, ನೂರರ ಗುಡ್ಡೆ ಮಾಡಿ ಎಣಿಸಿದರೆ ತಪ್ಪುವುದಿಲ್ಲ. ಸಮಾನ ದೂರದಲ್ಲಿ ಇಬ್ಬರಿದ್ದರೆ ಏನು ಮಾಡುವಿರಿ ಎಂಬುದನ್ನೂ ಮೊದಲೇ ಬರೆದು ಅಂಟಿಸಿ. ಆಮೇಲೆ ನಿಯಮ ಮಾಡಿದರೆ ಜಗಳ ಬರುತ್ತದೆ.

ಕಡೂರಿನ ಅಂಗಡಿಯಲ್ಲಿ ತುಂಬಿಸಿ ಬಸ್ಸಿನಲ್ಲಿ ದೇವನೂರಿಗೆ ತಂದರೆ ಭರಣಿ ದಾರಿಯುದ್ದಕ್ಕೂ ಕುಲುಕಿ, 20 ಸೆಂ.ಮೀ. ಇದ್ದ ಮಟ್ಟ 19ಕ್ಕಿಂತ ಕೆಳಗೆ ಇಳಿಯಬಹುದು. ಯಾರೂ ಕದ್ದಿಲ್ಲ, ಅರವತ್ತು ಪಾಲಿನಲ್ಲಿದ್ದದ್ದು ಅರವತ್ತನಾಲ್ಕಕ್ಕೆ ಬಂದಿದೆ. ಮೇಲೆ ಮತ್ತೆ ತುಂಬಿದರೆ ಹಾಕಿದಷ್ಟನ್ನೂ ಲಕೋಟೆಯ ಸಂಖ್ಯೆಗೆ ಸೇರಿಸಲೇಬೇಕು.

ಭರಣಿಯ ಪಕ್ಕದಲ್ಲಿ ಒಂದು ಸ್ಕೇಲು, ಹತ್ತು ಬಿಡಿ ಪೆಪ್ಪರಮಿಂಟು ಇಡಿ ಎಂದು ನನ್ನ ಒತ್ತಾಯ. ಅವಿಲ್ಲದಿದ್ದರೆ ಸ್ಪರ್ಧೆ ಲಾಟರಿಯಾಗುತ್ತದೆ, ಗೆದ್ದ ಮಗುವೂ ಏನನ್ನೂ ಕಲಿಯುವುದಿಲ್ಲ. ಚೀಟಿಯಲ್ಲಿ ಸಂಖ್ಯೆಯ ಕೆಳಗೆ ‘ಹೇಗೆ ಕಂಡುಹಿಡಿದೆ’ ಎಂದು ಎರಡು ಸಾಲಿಗೆ ಜಾಗ ಬಿಡಿ. ಒಳ್ಳೆಯ ದಾರಿ ಹಿಡಿದ ಮಗುವಿಗೆ, ಸಂಖ್ಯೆ ತಪ್ಪಿದ್ದರೂ, ಒಂದು ಬಹುಮಾನ ಇರಲಿ.

ಇನ್ನೆರಡು ಎಚ್ಚರಿಕೆ. ತಿನ್ನುವ ಮಿಠಾಯಿಯ ಜೊತೆ ನೀರಿನ ಪ್ರಯೋಗ ಮಾಡಬೇಡಿ, ಕರಗಿ ಅಂಟಾಗುತ್ತದೆ. ಅದಕ್ಕೆ ಗೋಲಿಯನ್ನೇ ಬಳಸಿ. ಗಟ್ಟಿಯಾದ ಗುಂಡು ಪೆಪ್ಪರಮಿಂಟು, ಗೋಲಿ ಎರಡೂ ಐದು ವರ್ಷದೊಳಗಿನ ಮಕ್ಕಳ ಕೈಗೆ ಸಿಗಬಾರದು. ಗಂಟಲಲ್ಲಿ ಸಿಕ್ಕಿಕೊಂಡರೆ ಉಸಿರೇ ಕಟ್ಟುತ್ತದೆ. ಅಂಗನವಾಡಿಯ ಮಕ್ಕಳು ಬರುವ ಕಡೆ ಬಾಯಿಗೆ ಹಿಡಿಯದಷ್ಟು ದೊಡ್ಡ ಚೆಂಡುಗಳನ್ನು ದೊಡ್ಡ ಡಬ್ಬಿಗೆ ತುಂಬಿಡಿ.

ಭರಣಿಯಿಂದ ತೆಂಗಿನಕಾಯಿ ರಾಶಿಗೆ

ಕಡೂರು ಸೀಮೆ ತೆಂಗಿನ ಸೀಮೆ. ಕಿತ್ತು ಹಾಕಿದ ಕಾಯಿಯ ರಾಶಿ ನೋಡಿ ವ್ಯಾಪಾರಿ ಒಂದು ಸಂಖ್ಯೆ ಹೇಳುತ್ತಾನೆ, ತೋಟದವರು ಇನ್ನೊಂದು ಹೇಳುತ್ತಾರೆ. ಎಣಿಸುವುದು ಎಣಿಸಲೇಬೇಕು, ಆದರೆ ಅದಕ್ಕೆ ಮುನ್ನ ಅಂದಾಜು ಕೈಯಲ್ಲಿದ್ದರೆ ಮಾತಿಗೆ ಬಲ ಬರುತ್ತದೆ. ರಾಶಿಗೆ ಗೋಡೆಯಿಲ್ಲವಲ್ಲ, ಗಾತ್ರ ಹೇಗೆ? ಇಲ್ಲಿ ಲೀಲಾವತಿಯ ಸೂತ್ರ: ಸುತ್ತಳತೆಯ ಆರನೇ ಒಂದು ಪಾಲನ್ನು ಅದರಿಂದಲೇ ಗುಣಿಸಿ, ಎತ್ತರದಿಂದ ಗುಣಿಸಿ. ಎತ್ತರವನ್ನು ಅಳೆಯಲಾಗದಿದ್ದರೆ ದಪ್ಪ ಧಾನ್ಯದ ರಾಶಿಗೆ ಸುತ್ತಳತೆಯ ಹತ್ತನೇ ಒಂದು, ಸಣ್ಣ ಧಾನ್ಯಕ್ಕೆ ಹನ್ನೊಂದನೇ ಒಂದು, ಮುಳ್ಳುತೆನೆಯ ಧಾನ್ಯಕ್ಕೆ ಒಂಬತ್ತನೇ ಒಂದು ಪಾಲು ಹಿಡಿಯಬೇಕೆಂದೂ ಭಾಸ್ಕರಾಚಾರ್ಯ ಹೇಳಿದ್ದಾನೆ. ನುಣುಪು ಕಾಳು ಜಾರಿ ಹರಡುತ್ತದೆ, ಮುಳ್ಳಿನ ಕಾಳು ಒಂದಕ್ಕೊಂದು ಸಿಕ್ಕಿ ನಿಲ್ಲುತ್ತದೆ ಎಂಬುದನ್ನು ಕಣದಲ್ಲಿ ನಿಂತು ನೋಡಿದವರ ಮಾತಿದು. ಈ ಸೂತ್ರ ಪೈಯನ್ನು ಮೂರು ಎಂದು ಹಿಡಿಯುವುದರಿಂದ ಉತ್ತರ ನೂರಕ್ಕೆ ಐದರಷ್ಟು ಹೆಚ್ಚು ಬರುತ್ತದೆ. ರಾಶಿಯ ಮಟ್ಟಿಗೆ ಅದು ದೊಡ್ಡದಲ್ಲ.

ಹಗ್ಗ ಸುತ್ತಿದಾಗ ರಾಶಿಯ ಬುಡ ಹನ್ನೆರಡೂವರೆ ಮೀಟರ್, ಎತ್ತರ 1.2 ಮೀಟರ್ ಬಂತು ಎನ್ನೋಣ. ಆರನೇ ಒಂದು ಪಾಲು ಸುಮಾರು 2.08; ಅದನ್ನು ಅದರಿಂದಲೇ ಗುಣಿಸಿ 1.2ರಿಂದ ಗುಣಿಸಿದರೆ 5.2 ಘನ ಮೀಟರ್, ನೂರಕ್ಕೆ ಐದು ಕಳೆದರೆ ಸುಮಾರು 5. ಸಿಪ್ಪೆ ಸಮೇತ ಹತ್ತು ಕಾಯಿ ಸಾಲಾಗಿಟ್ಟು ಅಳೆದಾಗ ಒಂದಕ್ಕೆ 18 ಸೆಂ.ಮೀ. ಬಂದರೆ, ಅದರ ಚೌಕ ಪೆಟ್ಟಿಗೆಗಳು ಈ ಜಾಗದಲ್ಲಿ ಸುಮಾರು 857. ಹದಿನೈದು ಪಾಲು ಸೇರಿಸಿದರೆ 985. ಕಾಯಿ ಪೂರ್ತಿ ಗುಂಡಲ್ಲ, ರಾಶಿಯ ಅಂಚಿನಲ್ಲಿ ಸಡಿಲವಾಗಿ ಹರಡಿರುತ್ತದೆ. ಒಂಬೈನೂರರಿಂದ ಸಾವಿರದೊಳಗೆ ಎಂದು ಹೇಳಿ, ಆಮೇಲೆ ಎಣಿಸಲು ಕೂರಿ. ಎಣಿಕೆ ಏಳುನೂರಕ್ಕೆ ನಿಂತರೆ ಇನ್ನೊಮ್ಮೆ ಎಣಿಸಿ ಎಂದು ಕೇಳಲು ನಿಮ್ಮ ಬಳಿ ಕಾರಣವಿರುತ್ತದೆ.